ಯಾವ ಹಿಮಕ್ಕೆ ಯಾವ ಸ್ಕೀ: ಆಲ್ ಮೌಂಟನ್ ಸ್ಕೀ ಕೊಳ್ಳುವ ಮುನ್ನ

2021ರ ಡಿಸೆಂಬರ್ ಕೊನೆಯ ವಾರ. ಕ್ಯಾಲಿಫೋರ್ನಿಯಾದ ತಾಹೋ ಸರೋವರದ ಬೆಟ್ಟಗಳ ಕಡೆ ಹಿಮ ಸುರಿದದ್ದೇ ಸುರಿದದ್ದು. ಡಾನರ್ ಪಾಸ್ ಹತ್ತಿರ ಬರ್ಕ್ಲಿ ವಿಶ್ವವಿದ್ಯಾಲಯದ ಒಂದು ಹಿಮ ಪ್ರಯೋಗಾಲಯ ಇದೆ. ಆ ಒಂದೇ ತಿಂಗಳಲ್ಲಿ ಅಲ್ಲಿ 214 ಇಂಚು ಬಿತ್ತು, ಹತ್ತಿರ ಹತ್ತಿರ ಐದೂವರೆ ಮೀಟರ್. ಅವರ ದಾಖಲೆಯಲ್ಲಿ ಯಾವ ಡಿಸೆಂಬರಿನಲ್ಲೂ ಅಷ್ಟು ಬಿದ್ದಿರಲಿಲ್ಲ. ಹೆದ್ದಾರಿ 80 ಮುಚ್ಚಿತ್ತು. ನಾನು ಫ್ರೀಮಾಂಟ್‌ನ ಮನೆಯಲ್ಲಿ ಕೂತು, ಎದೆಮಟ್ಟದ ಹಿಮದಲ್ಲಿ ಜನ ತೇಲಿಕೊಂಡು ಬರುವ ವಿಡಿಯೊ ನೋಡಿ ನೋಡಿ ತಲೆ ಕೆಡಿಸಿಕೊಂಡೆ. ಸೀದಾ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ, ಈ ವರ್ಷಕ್ಕೆ ಅಗಲವಾದದ್ದೇ ಬೇಕು ಅಂದ. 108 ಮಿಲಿಮೀಟರ್ ಅಗಲದ ಸ್ಕೀ ಹೊತ್ತು ಮನೆಗೆ ಬಂದೆ.

ಆಮೇಲೆ ಜನವರಿ ಒಣ. ಫೆಬ್ರುವರಿ ಒಣ. ಮಾರ್ಚೂ ಒಣ. ಕ್ಯಾಲಿಫೋರ್ನಿಯಾದ ದಾಖಲೆಯಲ್ಲೇ ಅತಿ ಒಣಗಿದ ಜನವರಿ-ಮಾರ್ಚ್ ಅದು. ಇದ್ದ ಹಳೇ ಹಿಮವೇ ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಕಾಂಕ್ರೀಟ್ ರೋಡಿನಂತಾಗಿತ್ತು. ನನ್ನ ಅಗಲದ ಸ್ಕೀ ಅದನ್ನು ಕಚ್ಚಲೇ ಇಲ್ಲ. ತಿರುವು ತಿರುವಿಗೂ ಜರ್ರನೆ ಜಾರುವುದು, ಸಂಜೆ ಕಾರಿನ ಹತ್ತಿರ ಬರುವಷ್ಟರಲ್ಲಿ ಮಂಡಿಯ ಒಳಪಕ್ಕ ಚುಳುಕು ಚುಳುಕು. ಸ್ಕೀಯದ್ದೇನೂ ತಪ್ಪಿರಲಿಲ್ಲ. ಒಂದು ವಾರದ ಹಿಮ ನೋಡಿ ಹತ್ತು ವರ್ಷದ ಸ್ಕೀ ಕೊಂಡವನು ನಾನು.

ನಿಮಗೆ ಹಾಗಾಗದಿರಲಿ ಅಂತ ಈ ಲೇಖನ. ಒಂದೆರಡು ಚಳಿಗಾಲ ಬಾಡಿಗೆ ಸ್ಕೀಯಲ್ಲಿ ಆಡಿ, ನೀಲಿ ಗುರುತಿನ, ಅಂದರೆ ಮಧ್ಯಮ ಕಷ್ಟದ, ಇಳಿಜಾರುಗಳನ್ನು ಧೈರ್ಯವಾಗಿ ಇಳಿಯುವವರಿಗೆ ಇದು. ಈಗಷ್ಟೇ ಕಲಿಯುತ್ತಿದ್ದರೆ ಸುಮ್ನೆ ಬಾಡಿಗೆಗೇ ತೆಗೆದುಕೊಳ್ಳಿ, ದುಡ್ಡು ಉಳಿಯುತ್ತದೆ. ಇನ್ನೊಂದು ಮಾತು. ನಾನು ಹೇಳುತ್ತಿರುವುದು ಇಳಿಜಾರಿನ ಸ್ಕೀ ಬಗ್ಗೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವ ಕ್ರಾಸ್ ಕಂಟ್ರಿ ಸ್ಕೀಯೇ ಬೇರೆ. ಅದು ಕಡ್ಡಿಯಂತೆ ತೆಳ್ಳಗೆ, ಬೂಟಿನ ಹಿಮ್ಮಡಿ ಸ್ಕೀಗೆ ಅಂಟದೆ ಬಿಡಿಯಾಗಿರುತ್ತದೆ. ಅದಕ್ಕೆ ಇಲ್ಲಿನ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.

ಆಲ್ ಮೌಂಟನ್ ಅಂದರೆ ಬೆಟ್ಟದ ಎಲ್ಲ ಕಡೆಗೂ ಆಗುವ ಸ್ಕೀ ಅಂತ ಅಂಗಡಿಯವರು ಹೇಳುತ್ತಾರೆ. ಸಾಮಾನ್ಯವಾಗಿ ನಡುವಿನ ಅಗಲ 85ರಿಂದ 105 ಮಿಲಿಮೀಟರ್ ಇರುವುದಕ್ಕೆ ಈ ಹೆಸರು. ಅದಕ್ಕಿಂತ ತೆಳ್ಳಗಿನದು ಗಟ್ಟಿ ಹಿಮದಲ್ಲಿ ಕೊರೆದುಕೊಂಡು ಹೋಗುವ ಕಾರ್ವಿಂಗ್ ಸ್ಕೀ, ಅಗಲವಾದದ್ದು ಪೌಡರ್, ಅಂದರೆ ಯಾರೂ ತುಳಿಯದ ಮೆತ್ತನೆ ಹೊಸ ಹಿಮದ, ಸ್ಕೀ. ಎಲ್ಲಕ್ಕೂ ಆಗುತ್ತದೆ ಅನ್ನುವ ಪ್ರತಿಯೊಂದು ಸ್ಕೀಯೂ ಎಲ್ಲೋ ಒಂದು ಕಡೆ ಕೈ ಬಿಟ್ಟಿರುತ್ತದೆ. ಎಲ್ಲಿ ಕೈ ಬಿಡುತ್ತದೆ ಅಂತ ಕೇಳಿ. ಅಲ್ಲಿಗೆ ನೀವು ಹೋಗುವುದೇ ಕಡಿಮೆ ಅಂತಾದರೆ ಅದು ನಿಮ್ಮ ಸ್ಕೀ.

1. ಮೊದಲು ನಿಮ್ಮ ಹಿಮದ ಲೆಕ್ಕ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಫೋನ್ ತೆಗೆಯಿರಿ. ಹೋದ ವರ್ಷದ ಸ್ಕೀ ಫೋಟೊಗಳ ತಾರೀಖು ನೋಡುತ್ತಾ ಒಂದೊಂದು ದಿನದ ಮುಂದೆಯೂ ಅವತ್ತು ಹಿಮ ಹೇಗಿತ್ತು ಅಂತ ಬರೆಯಿರಿ. ನನ್ನ ಒಂದು ಚಳಿಗಾಲದ ಲೆಕ್ಕ ಹೀಗೆ ಬಂತು: ಒಟ್ಟು 15 ದಿನ. ಅದರಲ್ಲಿ 7 ದಿನ ಯಂತ್ರ ಓಡಿಸಿ ಹದ ಮಾಡಿದ ಗ್ರೂಮರ್, 4 ದಿನ ವಸಂತದ ಕರಗು ಹಿಮ, 2 ದಿನ ಗಟ್ಟಿ ಮಂಜುಗಡ್ಡೆ, 2 ದಿನ ಹೊಸ ಹಿಮ. ಆ ಎರಡು ದಿನವೂ ಹತ್ತೂವರೆ ಹೊತ್ತಿಗೆ ಜನ ತುಳಿದು ಕಲಸಿ ಹಾಕಿದ್ದರು. ಅಂದರೆ ಇಡೀ ವರ್ಷದಲ್ಲಿ ನಿಜವಾದ ಪೌಡರ್ ಸಿಕ್ಕಿದ್ದು ನಾಲ್ಕು ಗಂಟೆ. ನಾನು ಸ್ಕೀ ಕೊಂಡಿದ್ದು ಆ ನಾಲ್ಕು ಗಂಟೆಗೆ.

ಊರಿನಿಂದ ಊರಿಗೆ ಈ ಲೆಕ್ಕ ಬೇರೆ. 20 ಲೀಟರ್ ಬಕೆಟ್ ಒಂದನ್ನು ನೆನಪಿಗೆ ತಂದುಕೊಳ್ಳಿ. ಯೂಟಾದ ಒಣ ಹೊಸ ಹಿಮವನ್ನು ಒತ್ತದೆ ತುಂಬಿದರೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ತಾಹೋದ ಹೊಸ ಹಿಮ ಎರಡೂವರೆ ಕಿಲೋ ಹತ್ತಿರ. ಯಂತ್ರ ಒತ್ತಿದ ಗ್ರೂಮರ್ ಹಿಮವಾದರೆ ಎಂಟೊಂಬತ್ತು ಕಿಲೋ. ಎಲ್ಲವನ್ನೂ ನಾವು ಹಿಮ ಅಂತಲೇ ಕರೆಯುತ್ತೇವೆ, ಆದರೆ ಹತ್ತಿಗೂ ಹಸಿ ಹಿಟ್ಟಿಗೂ ಇರುವಷ್ಟು ವ್ಯತ್ಯಾಸ ಇದೆ. ತಾಹೋಗೆ ಬರುವ ಮೋಡ ಪೆಸಿಫಿಕ್ ಸಮುದ್ರದಿಂದ ನೇರ ಬರುತ್ತದೆ. ಹಾಗಾಗಿ ಹಿಮದಲ್ಲಿ ನೀರಿನಂಶ ಜಾಸ್ತಿ. ಇಲ್ಲಿಯವರು ಅದನ್ನು ಸಿಯೆರಾ ಸಿಮೆಂಟ್ ಅಂತ ಬೈಯುತ್ತಾರೆ. ಅದೇ ಮೋಡ ನೆವಾಡದ ಒಣ ನೆಲ ದಾಟಿ ಯೂಟಾ, ಕೊಲರಾಡೊ ಮುಟ್ಟುವಷ್ಟರಲ್ಲಿ ಹಗುರವಾಗಿರುತ್ತದೆ, ಚಳಿಯೂ ಏರಿರುತ್ತದೆ. ಪೂರ್ವದ ವರ್ಮಾಂಟ್ ಕಡೆ ಮಳೆ ಬಂದು ಮತ್ತೆ ಹೆಪ್ಪುಗಟ್ಟುವುದು ಮಾಮೂಲು, ಅಲ್ಲಿ ಗಟ್ಟಿ ಹಿಮವೇ ದಿನದ ಊಟ. ನ್ಯೂಜೆರ್ಸಿಯಲ್ಲಿರುವ ತಮ್ಮನೂ ಸಿಯಾಟಲ್‌ನಲ್ಲಿರುವ ಅಕ್ಕನೂ ಒಂದೇ ಸ್ಕೀ ಕೊಂಡರೆ ಇಬ್ಬರಲ್ಲಿ ಒಬ್ಬರಿಗೆ ತಪ್ಪು ಸ್ಕೀ ಸಿಕ್ಕಿರುತ್ತದೆ.

2. ಮೂತಿ, ನಡು, ಬಾಲ

ಸ್ಕೀ ಮೇಲೆ ಚಿಕ್ಕ ಅಕ್ಷರದಲ್ಲಿ ಮೂರು ಅಂಕಿ ಇರುತ್ತವೆ. 132-98-120 ಅಂತಿದೆ ಅಂದುಕೊಳ್ಳಿ. ಮೂತಿ 132 ಮಿಲಿಮೀಟರ್, ಬೂಟಿನ ಕೆಳಗಿನ ನಡು 98, ಬಾಲ 120. ಪಕ್ಕದಲ್ಲೇ 16 ಮೀಟರ್ ಅಂತಲೋ 18 ಮೀಟರ್ ಅಂತಲೋ ಇರುತ್ತದೆ. ಸ್ಕೀ ಓರೆ ಮಾಡಿ ಬಿಟ್ಟರೆ ಅದು ತಾನಾಗಿ ಎಷ್ಟು ದೊಡ್ಡ ವೃತ್ತ ಹಾಕುತ್ತದೆ ಅನ್ನುವ ಅಳತೆ ಅದು, ವೃತ್ತದ ತ್ರಿಜ್ಯ. 13-14 ಇದ್ದರೆ ಚಿಕ್ಕ ಚಿಕ್ಕ ತಿರುವು. 20 ದಾಟಿದರೆ ವೇಗವಾಗಿ, ಉದ್ದುದ್ದ ತಿರುವು. ವಾರಾಂತ್ಯದ ಜನಜಂಗುಳಿಯಲ್ಲಿ ಆಡುವ ನಮ್ಮಂಥವರಿಗೆ 15ರಿಂದ 18 ಸಾಕು.

ನಡುವಿನ ಅಂಕಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸ್ಕೀ ಬೂಟಿನ ಮುಂಭಾಗದ ಅಗಲ ಎಲ್ಲ ದೊಡ್ಡವರ ಬೂಟಿಗೂ ಸುಮಾರು 69 ಮಿಲಿಮೀಟರ್. ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. ನಡು 72 ಇರುವ ಸ್ಕೀಯಲ್ಲಿ ಉಕ್ಕಿನ ಅಂಚು ಸರಿಯಾಗಿ ಬೂಟಿನ ಅಂಚಿನ ಕೆಳಗೆ ಬರುತ್ತದೆ. ನಡು 108 ಆದರೆ ಅಂಚು ಬೂಟಿನಿಂದ ಎರಡು ಸೆಂಟಿಮೀಟರ್ ಹೊರಗೆ ನಿಂತಿರುತ್ತದೆ. ಗಟ್ಟಿ ಹಿಮದಲ್ಲಿ ಸ್ಕೀ ಓರೆ ಮಾಡಿದಾಗ ನೆಲ ಮುಟ್ಟುವುದು ಆ ಅಂಚೊಂದೇ. ಅಷ್ಟು ದೂರದಿಂದ ಅದು ಮೇಲೆ ತಳ್ಳುತ್ತದೆ, ಕಣಕಾಲು ತಡೆಯಬೇಕು, ಮಂಡಿ ತಡೆಯಬೇಕು. ನನ್ನ ಮಂಡಿ ನೋವಿನ ಗುಟ್ಟು ಇದೇ. ಮೆತ್ತನೆ ಹಿಮದಲ್ಲಿ ಈ ಕಷ್ಟ ಇಲ್ಲ, ಸ್ಕೀಯ ಇಡೀ ಅಡಿ ಹಿಮದಲ್ಲಿ ಕೂತಿರುತ್ತದೆ.

ಹಾಗಾದರೆ ಅಗಲದಿಂದ ಸಿಗುವುದೇನು? ತೇಲುವಿಕೆ. ಕಂಬಳದಲ್ಲಿ ಅಡ್ಡ ಹಲಗೆ ವಿಭಾಗ ನೋಡಿದ್ದೀರಲ್ಲ? ಕೆಸರು ಗದ್ದೆಯಲ್ಲಿ ಬರಿಗಾಲು ಮೊಣಕಾಲುದ್ದ ಹೂತುಹೋಗುತ್ತದೆ, ಅದೇ ಮನುಷ್ಯ ಹಲಗೆಯ ಮೇಲೆ ನಿಂತು ಕೋಣಗಳ ಹಿಂದೆ ಕೆಸರಿನ ಮೇಲ್ಮೈಯಲ್ಲೇ ಹಾರಿಬರುತ್ತಾನೆ. ಜಾಗ ಹೆಚ್ಚು, ಒತ್ತಡ ಕಡಿಮೆ, ಜೊತೆಗೆ ವೇಗ. ಪೌಡರ್‌ನಲ್ಲಿ ನಡೆಯುವುದೂ ಇದೇ. ಆದರೆ ಲೆಕ್ಕ ಹಾಕಿದರೆ 88ರಿಂದ 100ಕ್ಕೆ ಏರಿದಾಗ ಸ್ಕೀಯ ಅಡಿಯ ಜಾಗ ಹೆಚ್ಚುವುದು ಶೇಕಡಾ 10ರ ಆಸುಪಾಸು ಮಾತ್ರ. ಅಗಲ ಒಂದೇ ಎಲ್ಲವನ್ನೂ ಮಾಡುವುದಿಲ್ಲ. ಮೂತಿಯ ಆಕಾರವೂ ಅಷ್ಟೇ ಕೆಲಸ ಮಾಡುತ್ತದೆ.

3. ಎರಡನ್ನೂ ಜೋಡಿಸಿ ಪಕ್ಕದಿಂದ ನೋಡಿ

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು, ಯಾರನ್ನೂ ಕೇಳಬೇಕಿಲ್ಲ. ಎರಡು ಸ್ಕೀಗಳ ಅಡಿಗೆ ಅಡಿ ತಾಗಿಸಿ ನೆಟ್ಟಗೆ ನಿಲ್ಲಿಸಿ, ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ನಡುವೆ ಸಂದಿ ಕಾಣುತ್ತದೆ, ಬಿಲ್ಲಿನ ಹಾಗೆ. ಅದು ಕ್ಯಾಂಬರ್. ಈಗ ನಡುವನ್ನು ಕೈಯಲ್ಲಿ ಹಿಸುಕಿ ಸಂದಿ ಮುಚ್ಚಿ. ಮೂತಿ ಹತ್ತಿರ ಎರಡೂ ಬಾಯಿ ತೆರೆದಂತೆ ದೂರ ಸರಿಯುತ್ತವೆ. ಅದು ರಾಕರ್. ಎಲ್ಲಿಂದ ದೂರ ಸರಿಯಲು ಶುರುವಾಯಿತು ಅಂತ ಬೆರಳಿಟ್ಟು ನೋಡಿ. ಮೂತಿಯಿಂದ ಒಂದು ಗೇಣು ಒಳಗೆ ಶುರುವಾದರೆ ರಾಕರ್ ಕಡಿಮೆ, ಒಂದು ಮೊಳ ಒಳಗಿದ್ದರೆ ಜಾಸ್ತಿ. ಬಾಲದ ಕಡೆಯೂ ಹಾಗೇ ನೋಡಿ.

ಕ್ಯಾಂಬರ್ ಇದ್ದಲ್ಲಿ ನಿಮ್ಮ ತೂಕ ಅಂಚಿನ ಉದ್ದಕ್ಕೂ ಹಂಚಿಕೊಂಡು ಗಟ್ಟಿ ಹಿಮವನ್ನು ಹಿಡಿಯುತ್ತದೆ, ತಿರುವಿನ ಕೊನೆಯಲ್ಲಿ ಸ್ಪ್ರಿಂಗಿನಂತೆ ಚಿಮ್ಮುತ್ತದೆ. ರಾಕರ್ ಇದ್ದಲ್ಲಿ ಮೂತಿ ಹಿಮದೊಳಗೆ ಹೂತುಕೊಳ್ಳದೆ ಮೇಲೇಳುತ್ತದೆ, ತಿರುಗಿಸುವುದು ಸುಲಭ, ಆದರೆ ಅಷ್ಟುದ್ದದ ಅಂಚು ಗಟ್ಟಿ ಹಿಮದಲ್ಲಿ ಕೆಲಸಕ್ಕೆ ಬರುವುದಿಲ್ಲ. ಶೇನ್ ಮೆಕಾಂಕಿ ಅನ್ನುವ ಸಾಹಸಿ ಅಲಾಸ್ಕಾದ ಬೆಟ್ಟವೊಂದನ್ನು ನೀರಿನ ಮೇಲೆ ಓಡಿಸುವ ಸ್ಕೀಗಳಲ್ಲೇ ಇಳಿದು ತೋರಿಸಿದ. ಆ ಹುಚ್ಚಿನಿಂದ ಈ ಶತಮಾನದ ಆರಂಭದಲ್ಲಿ ವೊಲಾಂಟ್ ಸ್ಪ್ಯಾಚುಲಾ ಅನ್ನುವ ಪೂರ್ತಿ ಉಲ್ಟಾ ಬಾಗಿದ ಸ್ಕೀ ಹುಟ್ಟಿತು. ಪೌಡರ್‌ನಲ್ಲಿ ಅದ್ಭುತ, ಗಟ್ಟಿ ಹಿಮದಲ್ಲಿ ನೆಟ್ಟಗೆ ನಿಲ್ಲುವುದೂ ಕಷ್ಟ. ಇವತ್ತಿನ ಆಲ್ ಮೌಂಟನ್ ಸ್ಕೀಗಳು ಅದರಿಂದ ಮೂತಿಯನ್ನಷ್ಟೇ ಸಾಲ ಪಡೆದು, ನಡುವಿಗೆ ಹಳೇ ಕ್ಯಾಂಬರ್ ಉಳಿಸಿಕೊಂಡಿವೆ.

ಸ್ಲೊವೇನಿಯಾದ ಎಲಾನ್ ಕಂಪನಿಯ ರಿಪ್‌ಸ್ಟಿಕ್‌ನಲ್ಲಿ ಇನ್ನೊಂದು ಚಮತ್ಕಾರ. ಅದರಲ್ಲಿ ಎಡಗಾಲಿನದು ಬಲಗಾಲಿನದು ಅಂತ ಚಪ್ಪಲಿಯ ಹಾಗೆ ಬೇರೆ ಬೇರೆ. ಒಳಗಿನ ಅಂಚಿಗೆ ಕ್ಯಾಂಬರ್ ಜಾಸ್ತಿ, ಹೊರಗಿನ ಅಂಚಿಗೆ ರಾಕರ್ ಜಾಸ್ತಿ.

4. ಒಳಗೆ ಲೋಹ ಇದೆಯಾ?

ನನ್ನ ಪ್ರಕಾರ ಅಗಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಜನ ಅಗಲ ಮಾತ್ರ ಕೇಳುತ್ತಾರೆ.

ಹೆಸರಿನ ಕೊನೆಗೆ ಟಿಐ ಅಂತ ಇರುವ ಸ್ಕೀಗಳಿವೆ. ಅದು ಟೈಟಾನಿಯಂ ಅಲ್ಲ. ಟೈಟನಾಲ್ ಅನ್ನುವ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ, ಆಸ್ಟ್ರಿಯಾದ ಆಮಾಗ್ ಕಂಪನಿಯದು. ಮರದ ತಿರುಳಿನ ಮೇಲೂ ಕೆಳಗೂ ಅದರ ತೆಳು ಹಾಳೆ ಹಾಕಿದರೆ ಸ್ಕೀ ಭಾರವಾಗುತ್ತದೆ, ಬಿಗಿಯಾಗುತ್ತದೆ, ನಡುಕ ಕಡಿಮೆಯಾಗುತ್ತದೆ. ಅಂಬಾಸಡರ್ ಕಾರಿಗೂ ಮೊಪೆಡ್ಡಿಗೂ ಹಳ್ಳಿ ರೋಡಿನಲ್ಲಿ ಎಷ್ಟು ವ್ಯತ್ಯಾಸವೋ ಅಷ್ಟು.

ನಾರ್ಡಿಕಾದ ಎನ್‌ಫೋರ್ಸರ್ 100 ಎರಡು ಹಾಳೆಯ ಸ್ಕೀ. ಈಗ ಅದರ ಜಾಗಕ್ಕೆ 99 ಬಂದಿದೆ. ಒಂದು ಕಾಲಿನದೇ ಎರಡು ಕಿಲೋ ದಾಟುತ್ತದೆ. ಅದೇ ಅಗಲದ ಅಟಾಮಿಕ್ ಬೆಂಟ್ 100ರಲ್ಲಿ ಲೋಹ ಇಲ್ಲ, ಮುನ್ನೂರು ನಾನೂರು ಗ್ರಾಂ ಹಗುರ. ಎರಡಕ್ಕೂ 100 ಅಂತಲೇ ಹೆಸರು, ಎರಡೂ ಆಲ್ ಮೌಂಟನ್. ಆದರೆ ಒಂದು ಗುದ್ದಿಕೊಂಡು ಹೋಗುತ್ತದೆ, ಇನ್ನೊಂದು ಜಿಗಿದುಕೊಂಡು ಹೋಗುತ್ತದೆ. ಸಾಲಮನ್ ಕ್ಯೂಎಸ್‌ಟಿ 98 ಇವೆರಡರ ನಡುವಿನದು. ಲೋಹದ ಹಾಳೆ ಇಲ್ಲ, ನಡುಕ ತಡೆಯಲು ಮೂತಿಯಲ್ಲಿ ಬಿರಡೆಯ ಕಾರ್ಕ್ ತುಂಡು ಇಟ್ಟಿದ್ದಾರೆ. ಹೆಡ್ ಕಂಪನಿಯ ಕೋರ್ ಸಾಲು ಶುರುವಾದದ್ದು ಲೋಹ ಬಿಟ್ಟು ಗ್ರಾಫೀನ್ ಅನ್ನುವ ಇಂಗಾಲದ ವಸ್ತುವನ್ನು ನಂಬಿಕೊಂಡು, ಹಗುರ ಆದರೂ ಬಿಗಿ. ಫೋಲ್ಕ್ಲ್ ಕಂಪನಿಯ ಮಾಂತ್ರಾದಲ್ಲಿ ಲೋಹವನ್ನು ಪೂರ್ತಿ ಹಾಸದೆ ಅಂಚಿಗೆ ಚೌಕಟ್ಟಿನ ಹಾಗೆ ಕೂರಿಸಿದ್ದಾರೆ.

ಬ್ಲಿಜಾರ್ಡ್‌ನ 88 ಮಿಲಿಮೀಟರ್ ಸ್ಕೀಗೆ ಬ್ರಹ್ಮ ಅಂತ ಹೆಸರು. ನಮ್ಮ ದೇವರಿಗಿಂತ ಅಮೆರಿಕದ ಬ್ರಾಮನ್ ಗೂಳಿಯ ನಂಟೇ ಇದಕ್ಕೆ ಹತ್ತಿರ ಅಂತ ನನ್ನ ಅನಿಸಿಕೆ. ಆ ತಳಿ ಕಟ್ಟಿದ್ದು ಭಾರತದ ದನಗಳಿಂದ, ನಮ್ಮ ಕೃಷ್ಣಾ ಕಣಿವೆ ತಳಿಯೂ ಅದರಲ್ಲಿ ಸೇರಿದೆ. ಇರಲಿ. ಎರಡು ಲೋಹದ ಹಾಳೆಯ ಈ ಸ್ಕೀ 2024ರ ಚಳಿಗಾಲದಿಂದ ಅನಾಮಲಿ ಅನ್ನುವ ಸಾಲಿಗೆ ಜಾಗ ಬಿಟ್ಟುಕೊಟ್ಟಿತು. ಹಾಗಾಗಿ ಹಳೇ ಬ್ರಹ್ಮ ಒಳ್ಳೇ ಬೆಲೆಗೆ ಕೈಗೆ ಬರುತ್ತಿರುತ್ತದೆ, ಕಣ್ಣಿಟ್ಟಿರಿ.

ತೂಕ ಕಡಿಮೆ ಇರುವವರು, ನಿಧಾನವಾಗಿ ಹೋಗುವವರು ಎರಡು ಹಾಳೆ ಲೋಹದ ಸ್ಕೀ ಕೊಂಡರೆ ಅದು ಬಗ್ಗುವುದೇ ಇಲ್ಲ. ಬಗ್ಗದ ಸ್ಕೀ ತಿರುಗುವುದಿಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ ನನಗೆ.

5. ಒಂದೊಂದು ಹಿಮದಲ್ಲಿ ಒಂದೊಂದು ಆಟ

ಗ್ರೂಮರ್. ರಾತ್ರಿಯೆಲ್ಲ ಯಂತ್ರ ಓಡಿ, ಬೆಳಗ್ಗೆ ಕಾರ್ಡುರಾಯ್ ಬಟ್ಟೆಯ ಗೆರೆಯಂತೆ ಕಾಣುವ ಹಿಮ. ಇಲ್ಲಿ 85-90ರ ಸ್ಕೀ ರಾಜ. 95-100 ಕೂಡ ನಡೆಯುತ್ತದೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಲು ಅರೆಕ್ಷಣ ಜಾಸ್ತಿ ಬೇಕು ಅಷ್ಟೇ.

ಗಟ್ಟಿ ಮಂಜುಗಡ್ಡೆ. ಇಲ್ಲಿ ತೆಳು ನಡು, ಲೋಹ, ಉದ್ದ ಅಂಚು ಮೂರೂ ಬೇಕು. ಆದರೆ ನಾಲ್ಕನೆಯದು ಇಲ್ಲದಿದ್ದರೆ ಆ ಮೂರೂ ದಂಡ: ಹರಿತ. ಹೆಬ್ಬೆರಳ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರಿನ ಬಿಳಿ ಪುಡಿ ಅಂಚಿಗೆ ಅಂಟಿದರೆ ಹರಿತ ಇದೆ. ಸುಮ್ನೆ ಜಾರಿಹೋದರೆ ಮೊಂಡಾಗಿದೆ. ಮೊಂಡಾದ 88ಕ್ಕಿಂತ ಹರಿತವಾದ 98 ಚೆನ್ನಾಗಿ ಹಿಡಿಯುತ್ತದೆ. ನಾನು ಒಂದಿಡೀ ತಿಂಗಳು ಸ್ಕೀಯನ್ನು ಬೈದು, ಆಮೇಲೆ ಅಂಚು ಮಸೆಸಿದಾಗ ಅರ್ಧ ಸಿಟ್ಟು ಇಳಿದಿತ್ತು. ಅಡಿಯ ಕಡೆಗೆ 1 ಡಿಗ್ರಿ, ಪಕ್ಕಕ್ಕೆ 2 ಡಿಗ್ರಿ ಮಸೆಯುವುದು ಆಲ್ ಮೌಂಟನ್ ಸ್ಕೀಗೆ ವಾಡಿಕೆ.

ಪೌಡರ್. 2022ರ ಅಕ್ಟೋಬರಿನಲ್ಲಿ ಆ 108ನ್ನು ಒಬ್ಬ ಗೆಳೆಯನಿಗೆ ಅರ್ಧ ಬೆಲೆಗೆ ಮಾರಿದೆ. ಆ ಚಳಿಗಾಲ ಏನಾಯಿತು ಗೊತ್ತಾ? ಅದೇ ಡಾನರ್ ಪ್ರಯೋಗಾಲಯದಲ್ಲಿ 754 ಇಂಚು ಹಿಮ! 1951-52ರ 812 ಇಂಚು ಬಿಟ್ಟರೆ ಅಲ್ಲಿ ಅಷ್ಟು ಬಿದ್ದದ್ದೇ ಇಲ್ಲ. ಗೆಳೆಯ ಇವತ್ತಿಗೂ ನಗುತ್ತಾನೆ, ನಗಲಿ. ನಾನು ಆ ಚಳಿಗಾಲವನ್ನು ಅದರ ಬದಲಿಗೆ ಕೊಂಡ 98ರಲ್ಲೇ ಕಳೆದೆ. ಮೊಣಕಾಲಿನ ಕೆಳಗಿನವರೆಗೆ ಹೊಸ ಹಿಮ ಇದ್ದಾಗ ಏನೂ ಕಷ್ಟ ಆಗಲಿಲ್ಲ, ಮೂತಿಯ ರಾಕರ್ ಎತ್ತಿಕೊಂಡು ಹೋಯಿತು. ಸೊಂಟದುದ್ದ ಬಿದ್ದ ದಿನ ಮಾತ್ರ ಮುಳುಗಿದೆ. ಅಂಥ ದಿನ ನನಗೆ ಸಿಕ್ಕಿದ್ದು ಎರಡು. ಅದಕ್ಕೆ ಅಗಲದ ಸ್ಕೀ ಬಾಡಿಗೆಗೆ ಸಿಗುತ್ತದೆ, ಮನೆಯಲ್ಲಿ ಕಟ್ಟಿ ಸಾಕಬೇಕಿಲ್ಲ.

ತುಳಿದು ಕಲಸಿದ ಹಿಮ. ಕ್ರಡ್, ಚಾಪ್ ಅಂತೆಲ್ಲ ಕರೆಯುತ್ತಾರೆ. ಪೌಡರ್ ದಿನದ ಹನ್ನೊಂದು ಗಂಟೆಯ ಮೇಲಿನ ಪಾಡು ಇದು. ಉತ್ತ ಹೊಲದಲ್ಲಿ ಸೈಕಲ್ ಹೊಡೆದಂತೆ. ಒಂದು ಹೆಂಟೆ ಮೆತ್ತಗೆ, ಪಕ್ಕದ್ದು ಗಟ್ಟಿ. ಹಗುರ ಸ್ಕೀಯಾದರೆ ಮೂತಿ ಪ್ರತಿ ಹೆಂಟೆಗೂ ಹೊಡೆಸಿಕೊಂಡು ಆಚೀಚೆ ತೂಗಾಡುತ್ತದೆ. ಭಾರದ, ಲೋಹದ ಸ್ಕೀ ನೇಗಿಲಿನಂತೆ ಸೀಳಿಕೊಂಡು ಹೋಗುತ್ತದೆ. ಲೋಹಕ್ಕೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. ತಾಹೋದಂಥ ಭಾರ ಹಿಮದ ಕಡೆ ಇರುವವರು ಇದನ್ನು ಪೌಡರ್‌ಗಿಂತ ಮೇಲೆ ಇಡಬೇಕು, ಯಾಕೆಂದರೆ ದಿನದ ಹೆಚ್ಚು ಹೊತ್ತು ಸಿಗುವುದು ಇದೇ ಅಲ್ವಾ?

ವಸಂತದ ಹಿಮ. ಮಾರ್ಚ್, ಏಪ್ರಿಲ್‌ನಲ್ಲಿ ಹಗಲು ಕರಗಿ ರಾತ್ರಿ ಗಟ್ಟಿಯಾಗಿ, ಹಿಮದ ಕಣಗಳು ದುಂಡಗೆ ಸಬ್ಬಕ್ಕಿಯಂತಾಗುತ್ತವೆ. ಕಾರ್ನ್ ಅನ್ನುವುದು ಇದಕ್ಕೇ. ಬೆಳಗ್ಗೆ ಎಂಟಕ್ಕೆ ಗಾಜು. ಹತ್ತಕ್ಕೆ ಮೇಲಿನ ಎರಡು ಬೆರಳಿನಷ್ಟು ಸಡಿಲಾಗಿ ಬೆಣ್ಣೆ. ಒಂದು ಗಂಟೆಗೆ ಅಂಬಲಿ. ಬೆಣ್ಣೆಯ ಹೊತ್ತಿನಲ್ಲಿ ಯಾವ ಸ್ಕೀಯಾದರೂ ಚೆನ್ನ, ಹೀಗಾಗಿ ಆ ಹೊತ್ತಿನಲ್ಲಿ ಸ್ಕೀ ಪರೀಕ್ಷೆ ಮಾಡಿ ಮೋಸಹೋಗಬೇಡಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಹದವಾಗುತ್ತದೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಬಿಸಿಲಿನ ಹಿಂದೆ ಹಿಂದೆಯೇ ಹೋದರೆ ಬೆಣ್ಣೆ ಎರಡು ಮೂರು ಗಂಟೆ ಸಿಗುತ್ತದೆ. ಅಂಬಲಿಯಾದ ಮೇಲೆ 95-102ರ ಸ್ಕೀ ಮೇಲೆ ನಿಲ್ಲುತ್ತದೆ, 85 ಹೂತುಕೊಳ್ಳುತ್ತದೆ. ಆದರೆ ಅಂಬಲಿಯಲ್ಲಿ ಸ್ಕೀ ಅಂಟುವುದಕ್ಕೆ ಅಗಲ ಕಾರಣ ಅಲ್ಲ, ಅಡಿಗೆ ಸವರುವ ಮೇಣ, ಅಂದರೆ ವ್ಯಾಕ್ಸ್. ಬೆಚ್ಚನೆ ದಿನದ ವ್ಯಾಕ್ಸ್ ಹಾಕಿಸಿ.

ಹಪ್ಪಳದ ಪದರ. ಮೇಲೆ ಗಾಳಿ ಅಥವಾ ಬಿಸಿಲಿಗೆ ಗಟ್ಟಿಯಾದ ತೆಳು ಪದರ, ಕೆಳಗೆ ಮೆತ್ತಗೆ. ಕಾಲಿಟ್ಟರೆ ಪಟಾರನೆ ಒಡೆದು ಸ್ಕೀ ಒಳಗೆ ಸಿಕ್ಕಿಕೊಳ್ಳುತ್ತದೆ. ಎಂಥ ಸ್ಕೀ ಕೊಂಡರೂ ಇಲ್ಲಿ ಸುಖ ಇಲ್ಲ. ಎರಡೂ ಕಾಲಿಗೆ ಸಮ ಭಾರ ಹಾಕಿ, ನಿಧಾನವಾಗಿ ಆಚೆ ಬನ್ನಿ.

ಮೊಗಲ್, ಅಂದರೆ ದಿಬ್ಬಗಳ ಸಾಲು. ಮೆತ್ತನೆ ಬಾಲ, ಹಗುರ ಮೈ, 90ರ ಸುತ್ತಿನ ನಡು. ಎನ್‌ಫೋರ್ಸರ್‌ನಂಥ ಭಾರದ ಸ್ಕೀಯಲ್ಲಿ ತೊಡೆ ಉರಿಯುತ್ತದೆ.

6. ಒಂದೇ ಇಳಿಜಾರಿನಲ್ಲಿ ಮೂರು ಜೋಡಿ

ಬಹಳಷ್ಟು ರೆಸಾರ್ಟ್‌ಗಳಲ್ಲಿ ಡೆಮೊ ಸ್ಕೀ, ಅಂದರೆ ಕೊಳ್ಳುವ ಮುನ್ನ ಆಡಿ ನೋಡುವ ಸ್ಕೀ, ಸಿಗುತ್ತವೆ. ಒಂದು ದಿನದ ಬಾಡಿಗೆ ಕಟ್ಟಿ, ಜೋಡಿ ಬದಲಿಸುತ್ತಾ ಆಡಬಹುದು. ನಾನು 2022ರ ಮಾರ್ಚ್‌ನಲ್ಲಿ, 108ರ ಮೇಲಿನ ಕೋಪದಲ್ಲಿ, ಇದನ್ನು ಮಾಡಿದೆ. ಬ್ರಹ್ಮ 88, ಕ್ಯೂಎಸ್‌ಟಿ 98, ಎನ್‌ಫೋರ್ಸರ್ 100. ಮೂರಕ್ಕಿಂತ ಜಾಸ್ತಿ ಬೇಡ, ತಲೆ ಗೋಜಲಾಗುತ್ತದೆ. ಬೂಟು ನಿಮ್ಮದೇ ಇರಲಿ. ಇಳಿಜಾರು ಒಂದೇ ಇರಲಿ. ಒಂದೊಂದರಲ್ಲಿ ಎರಡು ಸಲ ಇಳಿಯಿರಿ.

ಎಂಟೂ ಮುಕ್ಕಾಲಿಗೆ ಹಿಮ ಗಾಜಿನಂತಿತ್ತು. ಬ್ರಹ್ಮ ಹಳಿ ಮೇಲೆ ಹೋದ ಹಾಗೆ ಹೋಯಿತು. ಎನ್‌ಫೋರ್ಸರ್ ಕೂಡ ಹಿಡಿಯಿತು, ಹೊರಳಿಸಲು ಸ್ವಲ್ಪ ದಬ್ಬಬೇಕಾಯಿತು. ಕ್ಯೂಎಸ್‌ಟಿಯ ಮೂತಿ ಪಟಪಟ ಬಡಿಯುತ್ತಿತ್ತು, ಸದ್ದು ಕಿವಿಗೆ ಕೇಳುವಷ್ಟು. ಅಲ್ಲಿಗೇ ನಿಲ್ಲಿಸಿದ್ದರೆ ಬ್ರಹ್ಮ ಕೊಂಡುಬಿಡುತ್ತಿದ್ದೆ. ಒಂದೂವರೆಗೆ ಅದೇ ಇಳಿಜಾರು ಅಂಬಲಿಯ ಗುಡ್ಡೆಗಳಾಗಿತ್ತು. ಈಗ ಬ್ರಹ್ಮ ಪ್ರತಿ ಗುಡ್ಡೆಗೂ ಮುಗ್ಗರಿಸಿತು. ಎನ್‌ಫೋರ್ಸರ್ ಗುಡ್ಡೆ ಇದೆ ಅನ್ನುವುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ನುಗ್ಗಿತು, ಆದರೆ ನನ್ನ ತೂಕ 68 ಕಿಲೋ, ಎರಡನೇ ಇಳಿತದ ಕೊನೆಗೆ ಅದೇ ನನ್ನನ್ನು ಓಡಿಸುತ್ತಿತ್ತು. ಕ್ಯೂಎಸ್‌ಟಿಯಲ್ಲಿ ಬಾಲ ಬೇಕೆಂದಾಗ ಸುಲಭವಾಗಿ ಜಾರಿತು, ಬೇಡವೆಂದಾಗ ನಿಂತಿತು. ನನ್ನ 15 ದಿನದ ಲೆಕ್ಕದಲ್ಲಿ ಗಾಜಿನಂಥ ದಿನ ಎರಡೇ. ಮೂತಿ ಬಡಿಯುವುದನ್ನು ಆ ಎರಡು ದಿನ ಸಹಿಸಿದರಾಯಿತು ಅಂತ ಅದನ್ನೇ ಆರಿಸಿದೆ. ವರ್ಮಾಂಟ್‌ನಲ್ಲಿದ್ದಿದ್ದರೆ ಕಣ್ಣು ಮುಚ್ಚಿ ಬ್ರಹ್ಮ. 85 ಕಿಲೋ ತೂಕ, ಜೋರು ವೇಗ ಇದ್ದಿದ್ದರೆ ಎನ್‌ಫೋರ್ಸರ್.

ಪ್ರತಿ ಇಳಿತದ ಕೊನೆಗೆ ಫೋನಿನಲ್ಲಿ ಮೂರು ಪ್ರಶ್ನೆಗೆ ಉತ್ತರ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ತಿರುವು ಶುರುಮಾಡಿದಾಗ ಮೂತಿ ಹಿಡಿಯಿತಾ? ವೇಗದಲ್ಲಿ ಕಾಲ ಕೆಳಗೆ ನಡುಕ ಇತ್ತಾ? ತಟ್ಟನೆ ಅಡ್ಡ ತಿರುಗಿಸಿ ನಿಲ್ಲಿಸಿದಾಗ ಎರಡೂ ಸ್ಕೀ ಒಟ್ಟಿಗೆ ಬಂದವಾ? ಕೊನೆಗೆ ಮೊದಲು ಹಾಕಿದ ಜೋಡಿಯನ್ನೇ ಮತ್ತೆ ಹಾಕಿ ಇಳಿಯಿರಿ. ಹಿಮ ಬದಲಾಗಿರುತ್ತದೆ, ನೀವೂ ದಣಿದಿರುತ್ತೀರಿ. ಸ್ಕೀ ಎಷ್ಟು ಬದಲಾಯಿತು, ದಿನ ಎಷ್ಟು ಬದಲಾಯಿತು ಅನ್ನುವುದು ಆಗಲೇ ಗೊತ್ತಾಗುವುದು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಅಂದರೆ ಬೈಂಡಿಂಗ್, ಡೆಮೊ ಸ್ಕೀಯಲ್ಲಿ ಮಾಮೂಲಿಗಿಂತ ಭಾರ ಇರುತ್ತದೆ, ಅದನ್ನೂ ನೆನಪಿಡಿ.

7. ಗುಲ್ಮಾರ್ಗಕ್ಕೆ ಹೋಗುವವರಿಗೆ

ಬೆಂಗಳೂರಿನಿಂದ ಒಂದು ವಾರ ಗುಲ್ಮಾರ್ಗಕ್ಕೆ ಹೋಗುವವರು ಸ್ಕೀ ಕೊಳ್ಳುವ ಗೋಜಿಗೆ ಹೋಗಬೇಡಿ. ಆದರೆ ಬಾಡಿಗೆಗೆ ಆರಿಸುವಾಗ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿನ ಗೊಂಡೊಲಾದ, ಅಂದರೆ ಕೇಬಲ್ ಕಾರಿನ, ಮೊದಲ ಹಂತ ಸುಮಾರು 3,080 ಮೀಟರ್ ಎತ್ತರದ ಕಾಂಗ್‌ಡೂರಿಗೆ, ಎರಡನೇ ಹಂತ ಅಫರ್ವಟ್ ಬೆಟ್ಟದ ಮೇಲೆ 3,950 ಮೀಟರ್ ಆಸುಪಾಸಿಗೆ ಒಯ್ಯುತ್ತದೆ. ಎರಡನೇ ಹಂತದ ಮೇಲೆ ಯಂತ್ರ ಓಡಿಸಿ ಹದ ಮಾಡಿದ ದಾರಿ ಬಹುತೇಕ ಇಲ್ಲ. ಅಲ್ಲಿ 100ರಿಂದ 110ರ ಸ್ಕೀಯೇ ಸರಿ. ಕೆಳಗೆ ಕಲಿಯುವವರಿಗೆ 80 ಸಾಕು.

ಅಗಲದ ಸ್ಕೀ ಹಿಮಕುಸಿತದಿಂದ ಕಾಪಾಡುವುದಿಲ್ಲ. 2023ರ ಫೆಬ್ರುವರಿಯಲ್ಲಿ ಅಫರ್ವಟ್ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಸ್ಥಳೀಯ ಗೈಡ್, ಹಿಮದಡಿ ಸಿಕ್ಕವರನ್ನು ಹುಡುಕುವ ಟ್ರಾನ್ಸೀವರ್, ಹಿಮ ಚುಚ್ಚಿ ನೋಡುವ ಕೋಲು, ಸಲಿಕೆ, ಇವಿಲ್ಲದೆ ಎರಡನೇ ಹಂತದಿಂದ ಹೊರಗೆ ಇಳಿಯಬೇಡಿ.

8. ದುಡ್ಡು ಕೊಡುವ ಮುನ್ನ

ಉದ್ದ: ಸ್ಕೀ ನೆಟ್ಟಗೆ ನಿಲ್ಲಿಸಿದರೆ ಗಲ್ಲದಿಂದ ನೆತ್ತಿಯವರೆಗೆ ಎಲ್ಲೋ ಬರಬೇಕು. ಕಲಿಯುವವರಿಗೆ ಗಲ್ಲದ ಹತ್ತಿರ, ವೇಗದವರಿಗೆ ನೆತ್ತಿಯ ಹತ್ತಿರ. ರಾಕರ್ ಜಾಸ್ತಿ ಇದ್ದರೆ ಒಂದು ಸೈಜ್ ಉದ್ದ ತೆಗೆದುಕೊಳ್ಳಿ, ಗಟ್ಟಿ ಹಿಮದಲ್ಲಿ ಅದು ಇದ್ದದ್ದಕ್ಕಿಂತ ಗಿಡ್ಡ ಅನ್ನಿಸುತ್ತದೆ.

ಬಜೆಟ್ ಬಿಗಿ ಇದ್ದರೆ ಮೊದಲು ಬೂಟು ಕೊಳ್ಳಿ, ಸ್ಕೀ ಆಮೇಲೆ. ಕಾಲು ಒಳಗೆ ಅಲುಗಾಡುವ ಬೂಟಿನಲ್ಲಿ ಯಾವ ಟೈಟನಾಲೂ ಕೆಲಸ ಮಾಡುವುದಿಲ್ಲ.

ಏಪ್ರಿಲ್‌ನಲ್ಲಿ ಅಂಗಡಿಗಳು ಡೆಮೊ ಸ್ಕೀ ಮಾರುತ್ತವೆ. ಅಂಥದ್ದು ಕೊಳ್ಳುವಾಗ ಅಂಚಿನ ಉಕ್ಕನ್ನು ಮೂತಿಯಿಂದ ಬಾಲದವರೆಗೆ ಬೆರಳಲ್ಲಿ ಸವರಿ ನೋಡಿ. ಬಟ್ಟೆಯ ಚೂರೊಂದು ಹಿಡಿದು ಸವರಿದರೆ ಬೆರಳು ಕೊಯ್ಯುವುದಿಲ್ಲ, ಬಿರುಕಿದ್ದಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಅಂಚಿನ ಪಕ್ಕ ಮರದ ಪದರ ಬಿಟ್ಟುಕೊಂಡಿದ್ದರೆ ಎಷ್ಟು ಅಗ್ಗವಾದರೂ ಬೇಡ, ನೀರು ಒಳಗೆ ಇಳಿದಿರುತ್ತದೆ. ಬೈಂಡಿಂಗ್ ಬೇರೆಯಾಗಿ ಕೊಳ್ಳುವುದಾದರೆ ಬೂಟು ಕಳಚಿದಾಗ ಸ್ಕೀ ಜಾರಿಹೋಗದಂತೆ ತಡೆಯುವ ಅದರ ಬ್ರೇಕ್‌ನ ಅಗಲ ಸ್ಕೀಯ ನಡುವಿಗಿಂತ ಒಂದೆರಡು ಮಿಲಿಮೀಟರಾದರೂ ಜಾಸ್ತಿ ಇರಬೇಕು, 15ಕ್ಕಿಂತ ಜಾಸ್ತಿ ಬೇಡ. 98ರ ಸ್ಕೀಗೆ 100 ಅಥವಾ 110ರ ಬ್ರೇಕ್. ನಾನು 90ರದ್ದು ತಂದು, ಬಾಗಿಸಿ ಕೂರಿಸಲು ಹೋಗಿ ಒಂದು ಶನಿವಾರ ಗ್ಯಾರೇಜಿನಲ್ಲೇ ಕಳೆದೆ.